ಹಲ್ಲಪ್ಪನ ಹಸಿರು ಕೋಣೆ

ಬಣ್ಣ ಬಳಿಯುವವನು ಡಬ್ಬದ ಮುಚ್ಚಳ ತೆಗೆದು ಒಳಗೆ ಇಣುಕಿದ. ಸತ್ತ ಇಲಿ ಕಂಡವನ ಹಾಗೆ ಮತ್ತೆ ಮುಚ್ಚಿಬಿಟ್ಟ.

"ಅಂಗಡಿಯವರು ಬೇರೆ ಯಾರದೋ ಡಬ್ಬ ಕೊಟ್ಟಿದಾರೆ ಸಾರ್," ಅಂದ.

ಯಾರದೂ ಅಲ್ಲ, ನನ್ನದೇ, ನಾನೇ ನಿಂತು ಆರಿಸಿ ತಂದದ್ದು ಎಂದು ಹಲ್ಲಪ್ಪ ಹೇಳಿದ. ಬಣ್ಣದವನು ಇನ್ನೊಮ್ಮೆ ಮುಚ್ಚಳ ಎತ್ತಿ ನೋಡಿದ. ಒಳಗಿದ್ದದ್ದು ಕಡು ಹಸಿರು. ಗಿಳಿ ಹಸಿರಲ್ಲ, ಚಿಗುರಿನ ಹಸಿರೂ ಅಲ್ಲ; ಹಳೆಯ ಔಷಧಿ ಸೀಸೆಯ ಬುಡದಲ್ಲಿ ಇರುತ್ತದಲ್ಲ, ಬೆಳಕಿಗೆ ಹಿಡಿದರೆ ಮಾತ್ರ ಹಸಿರು ಅಂತ ಗೊತ್ತಾಗುವಂಥದು, ಅಂಥ ಹಸಿರು. ಅಮ್ಮಾವರು ಮನೆಯಲ್ಲಿದ್ದಾರಾ ಎಂದು ಕೇಳಿದ. ಇಲ್ಲ, ತಂಗಿಯ ಮನೆಗೆ ಹೋಗಿದ್ದಾಳೆ, ಬರುವುದು ಸಂಜೆ ಎಂದ ಹಲ್ಲಪ್ಪ. ಹಾಗಾದರೆ ಅಮ್ಮಾವರು ಇರುವಾಗ ಹೇಳಿ ಕಳಿಸಿ, ನಾಳೆ ನನ್ನ ತಲೆಗೆ ಬರಬಾರದು ನೋಡಿ ಎಂದು ಅವನು ಬ್ರಷ್ಷುಗಳನ್ನು ಚೀಲಕ್ಕೆ ತುಂಬಿಕೊಂಡು ಮೆಟ್ಟಿಲಿಳಿದೇಬಿಟ್ಟ. ಹೋಗುವ ಆತುರದಲ್ಲಿ ರೋಲರನ್ನೂ ತಟ್ಟೆಯನ್ನೂ ಅಲ್ಲೇ ಮರೆತ.

ಹಲ್ಲಪ್ಪನ ಪಿತ್ತ ನೆತ್ತಿಗೇರಿತು. ದುಡಿಯುವವನು ಇವನು, ಬಣ್ಣ ತಂದವನು ಇವನು, ಕೋಣೆ ಇವನದು. ಬಣ್ಣ ಬಳಿಯುವವನಿಗೆ ಬೇಕಾದದ್ದು ಮಾತ್ರ ಅಮ್ಮಾವರ ಅಪ್ಪಣೆ.

ಹಲ್ಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು, ಹಲ್ಲು ಕಟ್ಟಿಸಿಕೊಳ್ಳುವವರಿಗೆ ಸೆಟ್ಟು ತಯಾರಿಸುವುದು ಅವನ ಕೆಲಸ. ಅದಕ್ಕಾಗಿ ಕಟ್ಟಡದವರೆಲ್ಲ ಸೇರಿ ಅವನನ್ನು ಒಂದು ಮಾತೂ ಕೇಳದೆ ಆ ಹೆಸರಿಟ್ಟಿದ್ದರು. ಅವನ ವಿಷಯದಲ್ಲಿ ಎಲ್ಲವೂ ಹಾಗೇ. ಮನೆಯ ಸೋಫಾ ಹೆಂಡತಿ ಆರಿಸಿದ್ದು. ಪರದೆಗಳು ಅತ್ತೆ ಆರಿಸಿದ್ದು. ಅವನು ಹಾಕಿಕೊಂಡ ಕನ್ನಡಕದ ಚೌಕಟ್ಟನ್ನು ಸಹ, ಅಂಗಡಿಯಲ್ಲಿ ಆ ಹೊತ್ತಿಗೆ ಪಕ್ಕದಲ್ಲಿ ನಿಂತಿದ್ದ ಯಾರೋ ಗಿರಾಕಿ ಆರಿಸಿಕೊಟ್ಟಿದ್ದ. ಅವನದು ಅಂತ ಇದ್ದದ್ದು ಅಡುಗೆಮನೆ ಪಕ್ಕದ ಒಂದು ಸಣ್ಣ ಕೋಣೆ. ಅದರ ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಬಿಸಿಲು ಬರುವುದಿಲ್ಲ, ಗಾಳಿ ಬಂದರೆ ಬಂತು. ಯಾರಿಗೂ ಬೇಡವಾದ್ದರಿಂದ ಅದು ಹಲ್ಲಪ್ಪನಿಗೆ ಉಳಿದಿತ್ತು. ಒಂದು ಮೇಜು, ಒಂದು ಆರಾಮ ಕುರ್ಚಿ, ಒಂದು ರೇಡಿಯೋ. ಸಂಜೆ ಕ್ಲಿನಿಕ್ಕಿನಿಂದ ಬಂದವನು ಅಲ್ಲಿ ಕೂತು ಕಾಲು ಚಾಚಿದರೆ ಊಟಕ್ಕೆ ಕರೆಯುವವರೆಗೆ ಅವನೇ ರಾಜ.

ಆ ಕೋಣೆಗೆ ಕಡು ಹಸಿರು ಬಳಿಸುತ್ತೇನೆ ಎಂದು ಅವನು ಬಾಯಿ ಬಿಟ್ಟ ದಿನದಿಂದ ಮನೆಯಲ್ಲಿ ವಾದ ನಡೆದೇ ಇತ್ತು. ಸಣ್ಣ ಕೋಣೆಗೆ ಕಪ್ಪು ಬಣ್ಣ ಬಳಿದರೆ ಬೆಂಕಿಪೊಟ್ಟಣದೊಳಗೆ ಕೂತ ಹಾಗಾಗುತ್ತದೆ ಎಂದು ಹೆಂಡತಿ. ಕಪ್ಪಲ್ಲ, ಹಸಿರು ಎಂದು ಇವನು. ಕೊನೆಗೆ ಅವಳು ಸೋತಳು ಅಂತಲ್ಲ, ಬೇಸತ್ತಳು. ಇವತ್ತು ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಾ, "ಏನು ಬೇಕೋ ಬಳ್ಕೊಳ್ಳಿ. ಸಂಜೆ ಬಂದು ಆ ಕೋಣೇಲಿ ಸ್ವಲ್ಪ ಹೊತ್ತು ಕೂರ್ತೀನಿ. ಕೂರೋಕಾಗಲಿಲ್ವೋ, ನಾಳೇನೇ ಬಿಳಿ. ಆಮೇಲೆ ಈ ಮನೇಲಿ ಬಣ್ಣದ ಮಾತೇ ಎತ್ತಬಾರದು," ಎಂದು ಹೇಳಿ ಹೋಗಿದ್ದಳು.

ಅಂದಮೇಲೆ ಇವತ್ತು ತಪ್ಪಿದರೆ ಜನ್ಮಕ್ಕೆ ತಪ್ಪಿದಂತೆ. ಹಲ್ಲಪ್ಪ ಪಂಚೆ ಎತ್ತಿ ಕಟ್ಟಿ, ಹಳೆಯ ಬನಿಯನ್ ಹಾಕಿಕೊಂಡು, ತಲೆಗೊಂದು ಟವೆಲ್ ಸುತ್ತಿ, ರೋಲರ್ ತಾನೇ ಕೈಗೆ ತೆಗೆದುಕೊಂಡ. ಅಕ್ಕಿಕಾಳಿನಷ್ಟು ಹಲ್ಲನ್ನು ಉಜ್ಜಿ ಆಕಾರಕ್ಕೆ ತರುವ ಕೈಗೆ ನಾಲ್ಕು ಗೋಡೆ ಯಾವ ಲೆಕ್ಕ ಅಂದುಕೊಂಡ.

ಗೋಡೆ ಹಲ್ಲಲ್ಲ ಎಂಬುದು ಮೊದಲ ಎಳೆತಕ್ಕೇ ತಿಳಿಯಿತು. ಬಿಳಿಯ ಮೇಲೆ ಕಡು ಬಣ್ಣದ ಮೊದಲ ಕೈ ಹೇಗಿರುತ್ತದೆಂದು ಬಳಿದವರಿಗೇ ಗೊತ್ತು. ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು, ನಡುವೆ ಬಿಳಿ ಇಣುಕು. ಅದರ ಮೇಲೆ ಕಣ್ಣೀರಿಟ್ಟ ಹಾಗೆ ಇಳಿಯುವ ಧಾರೆಗಳು. ಒಂದೂವರೆ ಗೋಡೆ ಮುಗಿಯುವ ಹೊತ್ತಿಗೆ ಕೋಣೆ ಪಾಚಿ ಹಿಡಿದ ನೀರಿನ ತೊಟ್ಟಿಯಾಗಿತ್ತು, ಹಲ್ಲಪ್ಪ ಅದರಲ್ಲಿ ಬಿದ್ದ ಕಪ್ಪೆಯಾಗಿದ್ದ.

ಸ್ಟೂಲ್ ಎಳೆದಾಡುವ ಸದ್ದಿಗೆ ಮುಂದಿನ ಕೋಣೆಯಲ್ಲಿದ್ದ ಅತ್ತೆ ಎದ್ದು ಬಂದರು. ಹೊಸ್ತಿಲಲ್ಲೇ ಒಂದು ಕುರ್ಚಿ ಹಾಕಿಸಿಕೊಂಡು ಕೂತರು. ಒಳಗೆ ಬರಲೂ ಒಲ್ಲರು, ಹೋಗಲೂ ಒಲ್ಲರು. ರೋಲರ್ ಹೋದ ಕಡೆಗೆಲ್ಲ ಕತ್ತು ತಿರುಗಿಸಿದರು. ಅವರು ಏನಾದರೂ ಹೇಳಿದ್ದರೇ ವಾಸಿ ಅನ್ನಿಸಿತು ಅವನಿಗೆ.

"ಅಳಿಯಂದ್ರೇ, ಬಾವಿಯೊಳಗೆ ಕೂತ ಹಾಗಾಗುತ್ತೆ," ಅಂದರು ಕೊನೆಗೆ.

"ಇದು ಮೊದಲ್ನೇ ಕೈ ಅತ್ತೆ. ಇನ್ನೊಂದು ಕೈ ಬಳಿದ ಮೇಲೆ ನೋಡಿ."

"ಆಗ ಇನ್ನೂ ಆಳದ ಬಾವಿ ಆಗುತ್ತೆ."

ಹಲ್ಲಪ್ಪ ಹಲ್ಲು ಕಚ್ಚಿ ಸುಮ್ಮನಾದ. ಸುಮ್ಮನಾಗಿ ಸುಮ್ಮನಾಗಿಯೇ ಅವನಿಗೆ ಅಷ್ಟು ವಯಸ್ಸಾಗಿತ್ತು.

ಮೇಲಿನ ಮಹಡಿಯಲ್ಲಿ ಇದ್ದವರು ನಿವೃತ್ತ ಸ್ಟೇಷನ್ ಮಾಸ್ಟರು. ರೈಲು ಬಿಟ್ಟು ವರ್ಷಗಳಾದರೂ ಅವರ ಪಾಲಿಗೆ ಆ ಕಟ್ಟಡವೇ ಒಂದು ಪ್ಲಾಟ್‌ಫಾರ್ಮು. ಯಾರು ಬಂದರು, ಯಾರು ಹೋದರು, ಯಾರ ಮನೆಯ ಸಾಮಾನು ಎಲ್ಲಿಳಿಯಿತು ಎಲ್ಲವೂ ಅವರಿಗೆ ವರದಿಯಾಗಬೇಕು. ಕೆಳಗೆ ಏನೋ ಎಳೆಯುತ್ತಿದ್ದಾರೆ ಎಂದು ಅವರು ಬಂದರು, ಕೈ ಹಿಂದೆ ಕಟ್ಟಿ ಗೋಡೆಗಳನ್ನು ತಪಾಸಣೆ ಮಾಡಿದರು.

"ರೀ ಹಲ್ಲಪ್ಪ, ನನ್ನ ಸರ್ವೀಸಿನಲ್ಲಿ ಹಸಿರು ಅಂದ್ರೆ ಒಂದೇ ಅರ್ಥ. ಹೊರಡು ಅಂತ. ಕೂತ್ಕೊಳ್ಳೋ ಕೋಣೆಗೆ ಯಾರಾದ್ರೂ ಹೊರಡು ಅಂತ ಬಳೀತಾರೇನ್ರಿ?"

ಆ ಮಾತನ್ನು ಅರ್ಥ ಮಾಡಿಕೊಂಡು ತಾವೇ ಹೊರಡಬಹುದಿತ್ತಲ್ಲ ಎಂದು ಹಲ್ಲಪ್ಪನಿಗೆ ಬಾಯಿ ತುದಿಗೆ ಬಂತು; ನುಂಗಿಕೊಂಡ. ಮಾಸ್ಟರು ಅಷ್ಟರಲ್ಲಿ ಅವನ ಕೈಯಿಂದ ರೋಲರ್ ಕಿತ್ತುಕೊಂಡಾಗಿತ್ತು. ಬಣ್ಣವನ್ನು ಮೇಲಿಂದ ಕೆಳಕ್ಕೆ ಎಳೆಯಬೇಕು, ಇವನು ಅಡ್ಡಡ್ಡ ಎಳೆದು ಕೆಡಿಸಿದ್ದಾನೆ ಎಂದು ಪಾಠ ಶುರುಮಾಡಿದರು. ಒಂದು ಎಳೆ ಎಳೆದು, ಚೆನ್ನಾಗಿ ಬಂತೇ ಎಂದು ಕಣ್ಣು ಕಿರಿದು ಮಾಡಿ ನೋಡಲು ಒಂದು ಹೆಜ್ಜೆ ಹಿಂದಿಟ್ಟರು. ಇನ್ನೊಂದು ಎಳೆ, ಇನ್ನೊಂದು ಹೆಜ್ಜೆ ಹಿಂದೆ. ಮೂರನೆಯ ಹೆಜ್ಜೆ ನೇರ ಬಣ್ಣದ ತಟ್ಟೆಯೊಳಗೆ.

ಅಲ್ಲೇ ನಿಂತಿದ್ದರೆ ಒರೆಸಿಬಿಡಬಹುದಿತ್ತು. ಅವರು ನಿಲ್ಲುವವರೇ? ನೀರು ನೀರು ಅನ್ನುತ್ತಾ ತಮ್ಮ ಮನೆಗೆ ಹತ್ತಿದರು. ಅವರ ಹೆಂಡತಿ ಬಾಗಿಲಿಗೆ ಬೀಗ ಹಾಕಿ ಎಲ್ಲೋ ಹೋಗಿದ್ದರಂತೆ. ಅಲ್ಲಿಂದ ಅದರ ಮೇಲಿನ ಮಹಡಿಗೆ ಹೋಗಿ ಅಲ್ಲಿ ಕದ ತಟ್ಟಿದರು, ಅಲ್ಲಿಂದ ಇಳಿದಿಳಿದು ಕೆಳಗಿನ ಟೈಲರಮ್ಮನ ಮನೆಯವರೆಗೂ ಹೋದರು. ಆಗತಾನೇ ಒರೆಸಿ ಒಣಗಿದ್ದ ಮೆಟ್ಟಿಲಿನ ಮೇಲೆ ಬಲಗಾಲಿನ ಹಸಿರು ಗುರುತು ಮಾತ್ರ ಸಾಲಾಗಿ ಮೂಡಿ, ಒಂಟಿ ಕಾಲಿನ ಯಾರೋ ಕುಂಟುತ್ತಾ ಮನೆ ಮನೆಗೂ ಹೋಗಿ ಬಂದ ಹಾಗೆ ಕಾಣಿಸಿತು.

ಮೆಟ್ಟಿಲು ಹಾಳಾದರೆ ಆ ಕಟ್ಟಡದಲ್ಲಿ ಯಾರೂ ಸುಮ್ಮನಿರುವುದಿಲ್ಲ. ಗುರುತಿನ ಜಾಡು ಹಿಡಿದು ಜನ ಬಂದರು, ಕೆಳಗಿನವರು ಹತ್ತಿ ಬಂದರು, ಮೇಲಿನವರು ಇಳಿದು ಬಂದರು. ಎಲ್ಲರ ದಾರಿಯೂ ಹಲ್ಲಪ್ಪನ ಕೋಣೆಗೆ. ಹೆಜ್ಜೆ ಇಟ್ಟವರು ಮಾಸ್ಟರು ಎಂದರೆ ಕೇಳುವವರಿಲ್ಲ. ಬಣ್ಣ ಯಾರದು ಎಂಬುದೇ ಎಲ್ಲರ ಪ್ರಶ್ನೆ. ಮಾಸ್ಟರು ಕೂಡ ಕಾಲು ತೊಳೆದುಕೊಂಡು ಬಂದು ಆ ಗುಂಪಿನ ಮುಂದೆ ನಿಂತು ಬಣ್ಣ ಯಾರದು ಎಂದು ಕೇಳುವವರಲ್ಲಿ ಒಬ್ಬರಾದರು.

ಟೈಲರಮ್ಮ ಬಂದದ್ದು ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡು, ಹೆಗಲ ಮೇಲೆ ಯಾರದೋ ಅರ್ಧ ಹೊಲಿದ ಕೆನೆ ಬಣ್ಣದ ಉಡುಪು ಹಾಕಿಕೊಂಡು. ಬಣ್ಣದ ವಿಷಯ ತನಗೆ ಚೆನ್ನಾಗಿ ಗೊತ್ತು, ಈ ಹಸಿರಿಗೆ ಹೊಂದುವ ಪರದೆ ಬಟ್ಟೆ ಲೋಕದಲ್ಲೇ ಇಲ್ಲ ಎಂದು ಹೇಳುತ್ತಾ, ಒಂದು ಕ್ಷಣ ಆಯಾಸಕ್ಕೆ ಗೋಡೆಗೆ ಒರಗಿದರು. ಒರಗಿದ್ದು ಆಗತಾನೇ ಬಳಿದ ಗೋಡೆಗೆ. ಈಚೆ ಸರಿದಾಗ ಕೆನೆ ಬಣ್ಣದ ಉಡುಪಿನ ಬೆನ್ನಿಗೆ ಅಂಗೈ ಅಗಲದ ಹಸಿರು ಪಟ್ಟೆ ಅಂಟಿತ್ತು.

"ಇದು ನಾಳೆ ಬೆಳಿಗ್ಗೆ ಕೊಡಬೇಕಾದ ಬಟ್ಟೆ ಅಣ್ಣಾ," ಅಂದರು ಟೈಲರಮ್ಮ, ಸೂಜಿಗಳನ್ನು ಬಾಯಿಂದ ಒಂದೊಂದಾಗಿ ತೆಗೆದು. "ಈಗ ಏನು ಮಾಡ್ತೀರಿ?"

ಏನು ಮಾಡುವುದು? ಒರಗಿ ಎಂದು ಇವನು ಕರೆದಿದ್ದನೇ? ತಟ್ಟೆಯಲ್ಲಿ ಕಾಲಿಡಿ ಎಂದು ಇವನು ಹೇಳಿದ್ದನೇ? ಆದರೂ ಹಲ್ಲಪ್ಪ ಒದ್ದೆ ಬಟ್ಟೆ ತಂದು ಆ ಪಟ್ಟೆಯನ್ನು ತಿಕ್ಕಿದ. ಅಂಗೈ ಅಗಲ ಇದ್ದದ್ದು ಮೊರದಗಲ ಆಯಿತು.

ಕೋಣೆ ತುಂಬಿಹೋಗಿತ್ತು. ನೂಕಾಟದಲ್ಲಿ ಹೊಸ್ತಿಲಲ್ಲಿದ್ದ ಅತ್ತೆಯನ್ನು ಯಾರೋ ಎಬ್ಬಿಸಿ ಒಳಗೆ ತಂದು, ಕೋಣೆಯ ನಡುವೆ ಹಳೆಯ ಪೇಪರು ಹೊದಿಸಿಟ್ಟಿದ್ದ ಆರಾಮ ಕುರ್ಚಿಯಲ್ಲಿ ಕೂರಿಸಿದ್ದರು. ಸುತ್ತಲೂ ಜನ ನಿಂತು ಅವರವರ ಮನಸ್ಸಿಗೆ ತೋಚಿದ್ದನ್ನು ಆಡತೊಡಗಿದರು. ಒಬ್ಬರಿಗೆ ಆಸ್ಪತ್ರೆಯ ಆಪರೇಷನ್ ಕೋಣೆ ನೆನಪಾಯಿತು. ಒಬ್ಬರಿಗೆ ಹಾವು ಕಂಡ ಕನಸು ನೆನಪಾಯಿತು. ಒಬ್ಬಾಕೆ, ಮನೆಯಲ್ಲಿ ಏನೂ ತೊಂದರೆ ಇಲ್ಲ ತಾನೇ, ಅವರು ತಂಗಿ ಮನೆಗೆ ಸುಮ್ಮನೇ ಹೋಗಿದ್ದಾರಲ್ಲವೇ ಎಂದು ಬಹಳ ಮೆಲ್ಲಗೆ, ಎಲ್ಲರಿಗೂ ಕೇಳಿಸುವ ಹಾಗೆ ವಿಚಾರಿಸಿದಳು. ಇನ್ನೊಬ್ಬರು ಹೇಗೂ ಕಾಡಾಗಿದೆ, ಎರಡು ಜಿಂಕೆ ಬರೆಸಿಬಿಡಿ ಅಂದರು. ಅವರು ತಮಾಷೆ ಮಾಡುತ್ತಿರಲಿಲ್ಲ, ಪರಿಚಯದ ಒಬ್ಬ ಜಿಂಕೆ ಬರೆಯುತ್ತಾನಂತೆ.

ಸ್ಟೇಷನ್ ಮಾಸ್ಟರಿಗೆ ಗದ್ದಲ ಸೇರದು. ಅವರು ಚಪ್ಪಾಳೆ ತಟ್ಟಿ ಎಲ್ಲರನ್ನೂ ಸುಮ್ಮನಾಗಿಸಿ, ಹೀಗೆ ಒಬ್ಬೊಬ್ಬರು ಒಂದೊಂದು ಹೇಳಿದರೆ ತೀರ್ಮಾನವಾಗುವುದಿಲ್ಲ, ಕ್ರಮವಾಗಿ ಮಾಡೋಣ ಅಂದರು.

"ಈ ಕೋಣೆಗೆ ವಾಪಸ್ ಬಿಳಿ ಬಣ್ಣ ಬೇಕು ಅನ್ನೋರು ಕೈ ಎತ್ತಿ."

ಕೈಗಳು ಎದ್ದವು. ಟೈಲರಮ್ಮನ ಕೈ ಎದ್ದಿತು, ಅದರಲ್ಲಿ ಕೆನೆ ಉಡುಪು ಬಾವುಟದಂತೆ ತೂಗಿತು. ಜಿಂಕೆಯವರ ಕೈಯೂ ಎದ್ದಿತು. ಬಾಗಿಲಾಚೆ ನಿಂತು ಗೋಡೆಯನ್ನು ನೋಡಿಯೇ ಇರದವರ ಕೈ ಕೂಡ ಎದ್ದಿತು. ಮಾಸ್ಟರು ಬೆರಳು ಚಾಚಿ ಎಣಿಸುತ್ತಾ ಬಂದು, ಹಲ್ಲಪ್ಪನ ಹತ್ತಿರ ಬಂದಾಗ ಅವನನ್ನು ದಾಟಿ ಮುಂದಿನವರಿಗೆ ಹೋದರು.

ಆಗ ಹಲ್ಲಪ್ಪನೊಳಗೆ ಏನೋ ಪಟ್ಟನೆ ಕಿತ್ತುಹೋಯಿತು.

"ನಿಲ್ಲಿಸಿ," ಅಂದ. ಅದು ತನ್ನದೇ ದನಿ ಎಂದು ಅವನಿಗೇ ನಂಬಿಕೆ ಬರಲಿಲ್ಲ. "ಇದು ಯಾರ ಮನೆ? ಯಾರ ಕೋಣೆ? ನಾನು ಯಾವತ್ತಾದ್ರೂ ನಿಮ್ಮ ಮನೆಗೆ ಬಂದು ನಿಮ್ಮ ಗೋಡೆ ಮುಂದೆ ನಿಂತು ಕೈ ಎತ್ತಿದೀನಾ? ಬೆಳಿಗ್ಗೆ ಕ್ಲಿನಿಕ್ಕಿಗೆ ಹೋದ್ರೆ ಸಂಜೆವರೆಗೂ ನಾನು ಬಿಳಿ ನೋಡ್ತೀನಿ. ಹಾಲು ಬಿಳಿ, ಮೂಳೆ ಬಿಳಿ, ಹಳದಿ ತಿರುಗಿದ ಬಿಳಿ, ಹೊಗೆ ಕುಡಿದ ಬಿಳಿ. ಮನೆಗೆ ಬಂದು ಗೋಡೆ ನೋಡಿದ್ರೆ ಇದು ಯಾರ ಬಾಯಿಗೆ ಹೊಂದುತ್ತೆ ಅಂತ ಲೆಕ್ಕ ಹಾಕ್ತೀನಿ. ಹಲ್ಲಿನ ನೆನಪು ಬಾರದ ಒಂದು ಗೋಡೆ ಬೇಕು ಅಂದೆ. ಒಂದು. ಅದಕ್ಕೂ ನಿಮ್ಮ ಓಟು ಬೇಕಾ?"

ಅಲ್ಲಿಗೆ ನಿಲ್ಲಿಸಿದ್ದರೆ ಗೌರವವಾಗಿ ಮುಗಿಯುತ್ತಿತ್ತು. ಆದರೆ ಅಷ್ಟು ವರ್ಷ ಕಟ್ಟಿಟ್ಟ ನೀರು. ಒಡೆದ ಮೇಲೆ ಇಲ್ಲಿಗೆ ಸಾಕು ಅಂದರೆ ಎಲ್ಲಿ ನಿಲ್ಲುತ್ತದೆ?

"ಮಾಸ್ಟ್ರೇ, ನಿಮ್ಮ ಬಾಯಲ್ಲಿರೋ ಮೇಲಿನ ಸೆಟ್ಟು ಕೆಳಗಿನ ಸೆಟ್ಟು ಎರಡೂ ನಾನೇ ಮಾಡಿದ್ದು. ಇಷ್ಟು ದಿನ ಒಬ್ಬರ ಮುಂದಾದ್ರೂ ಬಾಯಿ ಬಿಟ್ಟಿದೀನಾ?"

ಎತ್ತಿದ್ದ ಕೈಗಳೆಲ್ಲ ಇಳಿದವು. ಎಲ್ಲರ ಕಣ್ಣೂ ಮಾಸ್ಟರ ಬಾಯಿಯ ಕಡೆ ತಿರುಗಿದವು. ಈ ವಯಸ್ಸಿಗೂ ನನ್ನ ಹಲ್ಲು ಹೇಗಿದೆ ನೋಡಿ, ದಿನಾ ಬೆಳಿಗ್ಗೆ ಬೇವಿನಕಡ್ಡಿ ಎಂದು ಕಂಡವರಿಗೆಲ್ಲ ಉಪದೇಶ ಮಾಡುತ್ತಿದ್ದ ಮನುಷ್ಯ ತುಟಿಗಳನ್ನು ಒಳಕ್ಕೆಳೆದುಕೊಂಡು, ಗೇಟು ಮುಚ್ಚಿದ ಹಾಗೆ ಬಾಯಿ ಮುಚ್ಚಿದರು.

ಆ ನಿಶ್ಶಬ್ದದಲ್ಲಿ ಒಂದು ಸದ್ದು ಕೇಳಿಸಿತು. ಸಣ್ಣ, ಸಮಾಧಾನದ, ಗುರ್ ಗುರ್ ಸದ್ದು. ಆರಾಮ ಕುರ್ಚಿಯಲ್ಲಿ, ಅಷ್ಟು ಜನರ ನಡುವೆ, ಅಷ್ಟು ಗಲಾಟೆಯಲ್ಲಿ ಅತ್ತೆ ನಿದ್ದೆ ಹೋಗಿದ್ದರು. ಕತ್ತು ಒಂದು ಪಕ್ಕಕ್ಕೆ ವಾಲಿತ್ತು, ಹಣೆಯ ಗೆರೆಗಳೆಲ್ಲ ಸಡಿಲವಾಗಿದ್ದವು.

ಮುದುಕಿ ಮಲಗಿದಾಗ ಜಗಳವಾಡುವುದು ಹೇಗೆ? ಒಬ್ಬೊಬ್ಬರೇ ತುದಿಗಾಲಿನಲ್ಲಿ ಜಾರಿದರು. ಮಾಸ್ಟರು ಎಲ್ಲರಿಗಿಂತ ಮೊದಲು ಹೋದರು. ಟೈಲರಮ್ಮ ಮಾತ್ರ ಬಾಗಿಲಲ್ಲಿ ನಿಂತು ಒಮ್ಮೆ ಗೋಡೆಯನ್ನೂ ಒಮ್ಮೆ ಹಾಳಾದ ಉಡುಪನ್ನೂ ನೋಡಿ, ಏನೋ ಯೋಚನೆ ಬಂದವರಂತೆ ಅದನ್ನು ಮಡಿಸಿಕೊಂಡು ಇಳಿದರು.

ಹಲ್ಲಪ್ಪನ ಮನಸ್ಸು ಹಗುರಾಗಿತ್ತು. ಮೆಟ್ಟಿಲಿಗೆ ಹೋಗಿ ಮಾಸ್ಟರ ಬಲಗಾಲನ್ನು ಒಂದೊಂದಾಗಿ ತಿಕ್ಕಿ ಅಳಿಸಿ ಬಂದು, ಅತ್ತೆಗೆ ಎಚ್ಚರವಾಗದಂತೆ ಉಸಿರು ಬಿಗಿಹಿಡಿದು ಉಳಿದ ಗೋಡೆಗಳ ಮೊದಲ ಕೈ ಮುಗಿಸಿ ಎರಡನೆಯ ಕೈ ಶುರುಮಾಡಿದ. ಸ್ಟೂಲನ್ನು ಎಳೆಯದೆ ಎತ್ತಿಟ್ಟ. ರೋಲರ್ ಕಿರುಗುಟ್ಟದಂತೆ ನಿಧಾನವಾಗಿ ಎಳೆದ. ಆ ನಿಧಾನದಿಂದಲೇ ಇರಬೇಕು, ಈ ಸಲ ಬಣ್ಣ ಸರಿಯಾಗಿ ಕೂತಿತು. ಧಾರೆಗಳು ಮುಚ್ಚಿದವು, ಬಿಳಿ ಇಣುಕುಗಳು ಮಾಯವಾದವು. ಒಣಗುತ್ತಾ ಒಣಗುತ್ತಾ ಗೋಡೆ ಆಳವಾಯಿತು, ಮೆತ್ತಗಾಯಿತು. ಹೊತ್ತು ಇಳಿದಾಗ ಮೇಜಿನ ಮೇಲಿನ ಪುಟ್ಟ ದೀಪ ಹಾಕಿದ. ಬೆಳಕು ಗೋಡೆಯ ತನಕ ಹೋಗಿ ಅಲ್ಲೇ ಇಂಗಿಹೋಯಿತು. ದೀಪದ ಸುತ್ತ ಮಾತ್ರ ಬೆಚ್ಚನೆಯ ಒಂದು ಕೊಳ ಉಳಿಯಿತು. ತಾನು ಅಂಗಡಿಯಲ್ಲಿ ನಿಂತು ಕಣ್ಣಿಗೆ ತಂದುಕೊಂಡಿದ್ದದ್ದು ಹೀಗೇ. ಇಷ್ಟು ವರ್ಷದಲ್ಲಿ ಮೊದಲ ಬಾರಿ, ತಾನು ಬಯಸಿದ್ದು ಬಯಸಿದ ಹಾಗೇ ಆಗಿತ್ತು.

ಹೆಂಡತಿ ಬಂದಳು. ಕೆಳಗಿನಿಂದಲೇ ಸುದ್ದಿ ಸಿಕ್ಕಿತ್ತೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಏನು ರೀ ಇದು ಅನ್ನುವುದಕ್ಕೆಂದು ಬಾಯಿ ತೆರೆದವಳು ಕುರ್ಚಿಯನ್ನು ನೋಡಿ ಹಾಗೇ ನಿಂತಳು.

ಅಮ್ಮ ಯಾವಾಗಿನಿಂದ ಮಲಗಿದ್ದಾಳೆ ಎಂದು ಪಿಸುದನಿಯಲ್ಲಿ ಕೇಳಿದಳು. ಮಧ್ಯಾಹ್ನದಿಂದ ಎಂದ. ಅವಳು ಸದ್ದಿಲ್ಲದೆ ಸ್ಟೂಲಿನ ಮೇಲೆ ಕೂತಳು. ಹೇಳಿದ್ದಕ್ಕಿಂತ ಬಹಳ ಹೆಚ್ಚು ಹೊತ್ತು ಕೂತಳು. ಅವಳ ಕಣ್ಣು ಒದ್ದೆಯಾಗಿರುವುದನ್ನು ಹಲ್ಲಪ್ಪ ಕಂಡ. ಕಣ್ಣಿನ ಆಪರೇಷನ್ ಆದ ಮೇಲೆ ಅಮ್ಮನಿಗೆ ಹಗಲು ನಿದ್ದೆಯೇ ಇಲ್ಲ, ತಲೆನೋವು ತಲೆನೋವು ಅನ್ನುತ್ತಿದ್ದಾಳೆ, ಯಾವ ಮಾತ್ರೆಯೂ ನಾಟಲಿಲ್ಲ ಎಂದು ಅವಳು ಹೇಳಿದಳು. ಅಷ್ಟರಲ್ಲಿ ಅತ್ತೆಗೆ ಎಚ್ಚರವಾಯಿತು. ಸುತ್ತ ನೋಡಿ, ಬೆಳಗಾಯಿತೇ ಎಂದು ಕೇಳಿದರು. ಇಲ್ಲ ಅಂದಾಗ ನಕ್ಕರು.

"ಆ ಮುಂದಿನ ಕೋಣೇಲಿ ಇಡೀ ದಿನ ಬಿಸಿಲು ಗೋಡೆಗೆ ಬಡಿದು ಕಣ್ಣಿಗೆ ಚುಚ್ಚುತ್ತೆ ಕಣೆ," ಅಂದರು ಮಗಳಿಗೆ. "ಒಳ್ಳೇ ಕೋಣೆ ಅಂತ ಅಳಿಯಂದ್ರು ಪ್ರೀತಿಯಿಂದ ಬಿಟ್ಟುಕೊಟ್ಟಿದ್ದು. ಹೇಗೆ ಬಾಯಿಬಿಟ್ಟು ಹೇಳಲಿ? ಇಲ್ಲಿ ಕಣ್ಣಿಗೆ ಎಷ್ಟು ತಂಪು."

ಹೆಂಡತಿ ಎದ್ದು ಗಂಡನ ಕಡೆ ತಿರುಗಿದಳು. ಆ ನೋಟವನ್ನು ಅವನು ಮದುವೆಯ ಮೊದಲ ವರ್ಷ ಬಿಟ್ಟರೆ ಮತ್ತೆ ಕಂಡಿರಲಿಲ್ಲ.

"ರೀ, ಈ ಬಣ್ಣ ಇರಲಿ. ಇನ್ನು ಇದನ್ನ ಯಾರೂ ಮುಟ್ಟಬಾರದು."

ಹಲ್ಲಪ್ಪನಿಗೆ ಎದೆ ಉಬ್ಬಿತು. ಗೆದ್ದೆ ಅಂದುಕೊಂಡ. ಬಣ್ಣದವನನ್ನು, ಮಾಸ್ಟರನ್ನು, ಜಿಂಕೆಯವರನ್ನು, ಎತ್ತಿದ ಅಷ್ಟೂ ಕೈಗಳನ್ನು ಗೆದ್ದೆ ಅಂದುಕೊಂಡ. ಹಾಗೆ ಅಂದುಕೊಳ್ಳಲು ಅವನಿಗೆ ಸಿಕ್ಕಿದ್ದು ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ಹೊತ್ತು.

"ಅಮ್ಮ ಇನ್ಮೇಲೆ ಇಲ್ಲೇ ಮಲಗಲಿ," ಅಂದಳು. "ನಿಮ್ಮ ಮೇಜು ಮುಂದಿನ ಕೋಣೇಲಿ ಹಿಡಿಯುತ್ತೆ ಅಲ್ವಾ?"

ಹಲ್ಲಪ್ಪ ಬಾಯಿ ತೆರೆದ. ಯಾರ ಮೇಲೆ ಹರಿಹಾಯುವುದು? ಮುದುಕಿಯ ಕಣ್ಣಿನ ಮೇಲೆಯೇ? ಬೆಳಿಗ್ಗೆಯಿಂದ ಊರವರ ಮೇಲೆಲ್ಲ ಕುದಿದ ಸಿಟ್ಟಿಗೆ ಈಗ ಹೋಗಲು ದಾರಿಯೇ ಇರಲಿಲ್ಲ. ಹಿಡಿಯುತ್ತದೆ ಎಂದ.

ಕಟ್ಟಡದಲ್ಲಿ ಸುದ್ದಿ ಹಬ್ಬಲು ಹೊತ್ತು ಬೇಕೇ? ಅಜ್ಜಿಗೆ ಅನುಕೂಲವಾಯಿತು ಎಂದು ಎಲ್ಲರಿಗೂ ನಿಜವಾಗಿ ಸಂತೋಷವಾಯಿತು. ಟೈಲರಮ್ಮ ಅಳತೆ ಟೇಪು ಹಿಡಿದು ಬಂದರು. ಕೆನೆ ಉಡುಪಿನ ಬೆನ್ನಿಗೆ ಹಸಿರು ತುಂಡು ಸೇರಿಸಿ ಹೊಲಿದು ತೋರಿಸಿದಾಗ ಗಿರಾಕಿ ಮೆಚ್ಚಿದರಂತೆ. ಅಜ್ಜಿ ಕೋಣೆಗೆ ಅದೇ ಕೆನೆ ಬಣ್ಣದ ಪರದೆ ಬಹಳ ಚೆನ್ನಾಗಿ ಹೊಂದುತ್ತದೆ ಎಂದು ಕಿಟಕಿ ಅಳೆದರು. ಬೆಳಿಗ್ಗೆ ಹಲ್ಲಪ್ಪನ ಕೋಣೆಯಾಗಿದ್ದದ್ದು ಆಗಲೇ ಅಜ್ಜಿ ಕೋಣೆಯಾಗಿತ್ತು. ಸ್ಟೇಷನ್ ಮಾಸ್ಟರೂ ಬಂದರು. ಅಂಗೈಯಿಂದ ಬಾಯಿ ಮರೆಮಾಡಿಕೊಂಡಿದ್ದರು. ಆದರೆ ಹಲ್ಲಪ್ಪನ ಮೇಜನ್ನು ಹೊರಕ್ಕೆ ಸಾಗಿಸುವಾಗ ಇನ್ನೊಂದು ತುದಿಯನ್ನು ಬಹಳ ಉತ್ಸಾಹದಿಂದ ಎತ್ತಿದರು. ಆರಾಮ ಕುರ್ಚಿ ಮಾತ್ರ ಅಲ್ಲೇ ಇರಲಿ, ಅಮ್ಮನಿಗೆ ಒಗ್ಗಿದೆ ಎಂದಳು ಹೆಂಡತಿ. ರೇಡಿಯೋವೂ ಇರಲಿ ಎಂದರು ಅತ್ತೆ.

ಮುಂದಿನ ಕೋಣೆಯಲ್ಲಿ ಹಲ್ಲಪ್ಪ ಮೇಜನ್ನು ಗೋಡೆಗೆ ಸರಿಸಿ, ಬೆನ್ನು ನೆಟ್ಟಗಿನ ಒಂದು ಮರದ ಕುರ್ಚಿ ಎಳೆದುಕೊಂಡು ಕೂತ. ತಲೆಯ ಮೇಲೆ ಟ್ಯೂಬ್‌ಲೈಟು, ಕಿಟಕಿಯಾಚೆ ಬೀದಿ ದೀಪ, ನಾಲ್ಕೂ ಕಡೆ ಗೋಡೆ. ಉಗುರಿನ ಸಂದಿಯಲ್ಲಿ ಇನ್ನೂ ಸ್ವಲ್ಪ ಹಸಿರು ಉಳಿದಿತ್ತು. ಅದನ್ನೇ ನೋಡುತ್ತಾ ಕೂತ.

ಅಡುಗೆಮನೆಯ ಆಚೆಯಿಂದ, ರೇಡಿಯೋ ಹಾಡಿನ ನಡುವೆ, ಅತ್ತೆಯ ದನಿ ಬಂತು. ಇಷ್ಟು ವರ್ಷದಲ್ಲಿ ಅವರು ಅವನೊಡನೆ ಅಷ್ಟು ಅಕ್ಕರೆಯಿಂದ ಮಾತಾಡಿದ್ದಿಲ್ಲ.

"ಅಳಿಯಂದ್ರೇ, ಆ ಬಾಗಿಲು ಸ್ವಲ್ಪ ಮುಚ್ಚಿಕೊಳ್ಳಿ. ನಿಮ್ಮ ಗೋಡೆ ಬಿಳುಪು ಇಲ್ಲಿಗೆ ಹೊಡೀತಿದೆ."

ಹಲ್ಲಪ್ಪ ಎದ್ದು ಹೋಗಿ ಬಾಗಿಲು ಮುಚ್ಚಿಕೊಂಡ.